ಹಳೆಯ ಕಾರಿನ ಬ್ರೇಕ್ ಪೆಡಲ್ ಜೋಡಣೆ ಬದಲಿಸಿದ ಮೇಲೆ: ಲಕ್ಷಣ ನೋಡಿ ದೋಷ ಹಿಡಿಯುವುದು

ಕುರ್ಲಾದಲ್ಲಿ ತಯಾರಾದ ಪದ್ಮಿನಿಯನ್ನೋ ಅಪ್ಪನ ಕಾಲದ ಅಂಬಾಸಿಡರನ್ನೋ ಇನ್ನೂ ಓಡಿಸುತ್ತಿರುವ ಕನ್ನಡದ ಮನೆಗಳು ಮುಂಬಯಿ, ಪುಣೆ, ಗೋವಾಗಳಲ್ಲಿ ಇವೆ. ಇಂಥ ಗಾಡಿಯ ಪೆಡಲ್ ಜೋಡಣೆಗೆ ಯಾರೂ ಸುಮ್ಮನೆ ಕೈ ಹಾಕುವುದಿಲ್ಲ. ಮೂಲ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ದೂಡುವ ಭಾಗ) ಸಿಗದೆ ಬೇರೆ ಗಾಡಿಯದನ್ನು ಕೂರಿಸಬೇಕಾಗುತ್ತದೆ, ಸರ್ವೋ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಬಲಕ್ಕೆ ನೆರವಾಗುವ ಸಾಧನ) ಹಾಕಿಸಬೇಕಾಗುತ್ತದೆ, ಇಲ್ಲವೇ ಕಾಲಿಗೆ ಎಟಕುವಂತೆ ಪೆಡಲನ್ನು ಬಗ್ಗಿಸಬೇಕಾಗುತ್ತದೆ. ಅದರ ಜೊತೆಗೇ ಪೆಡಲಿನಿಂದ ಸಿಲಿಂಡರಿನ ಪಿಸ್ಟನ್ನನ್ನು ದೂಡುವ ಪುಶ್‌ರಾಡ್ ಉದ್ದ, ಬ್ರ್ಯಾಕೆಟ್, ಪಿನ್ನಿನ ರಂಧ್ರ ಎಲ್ಲವೂ ಬದಲಾಗುತ್ತವೆ. ಗಾಡಿ ರಸ್ತೆಗೆ ಇಳಿದ ಮೇಲೆ ದೂರು ಶುರುವಾಗುತ್ತದೆ.

ದೂರು ಬಂದ ಕೂಡಲೇ ಹೊಸದಾಗಿ ಮಾಡಿದ ಕೆಲಸವನ್ನೇ ಅನುಮಾನಿಸಿ ಪುಶ್‌ರಾಡ್ ತಿರುಗಿಸಲು ಹೋಗಬೇಡಿ. ಎಷ್ಟೋ ದೂರುಗಳ ಮೂಲ ಚಕ್ರದಲ್ಲಿರುತ್ತದೆ, ಪೆಡಲ್‌ನಲ್ಲಿ ಅಲ್ಲ. ಹಾಗೆಂದು ಜೋಡಣೆಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಈ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಸರ್ಕ್ಯೂಟ್, ಅಂದರೆ ನಾಲ್ಕೂ ಚಕ್ರಕ್ಕೆ ಆಯಿಲ್ ಹೋಗುವ ದಾರಿ ಒಂದೇ. ಪೆಡಲ್ ಪಿನ್ ಕಳಚಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಆದ್ದರಿಂದ ಮೊದಲು ಹ್ಯಾಂಡ್‌ಬ್ರೇಕ್ ಸರಿಮಾಡಿಸಿ, ಆಮೇಲೆ ಉಳಿದದ್ದು.

ಕೈ ಹಾಕುವ ಮುಂಚೆ

ಸಮತಟ್ಟಾದ ಜಾಗ ಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ಎತ್ತಿದ ಗಾಡಿಯ ಕೆಳಗೆ ಸ್ಟ್ಯಾಂಡ್ ಇರಲೇಬೇಕು, ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಬಾರದು. ಹಳೆಯ ಲೈನರ್‌ಗಳಲ್ಲಿ (ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತುವ ಶೂಗಳ ಮೇಲಿನ ಪದರ) ಆಸ್ಬೆಸ್ಟಾಸ್ ಇರಬಹುದು, ಹಾಗಾಗಿ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲಕ್ಕೆ ಕಟ್ಟಿ ಎಸೆಯಿರಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಎಂಜಿನ್ ಆಯಿಲ್, ಡೀಸೆಲ್, ಗ್ರೀಸಿನಂಥ ಖನಿಜ ತೈಲದ ಒಂದು ಹನಿಯೂ ಬ್ರೇಕ್ ಆಯಿಲ್‌ಗೆ ಸೇರಬಾರದು. ಸೇರಿದರೆ ಸಿಲಿಂಡರಿನೊಳಗೆ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳು ಊದಿ ಜಾಮ್ ಆಗುತ್ತವೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಸ್ಟೀಲ್ ಸ್ಕೇಲ್, ವರ್ನಿಯರ್, ಟಾರ್ಚ್, ಬ್ಲೀಡರ್ ನಿಪ್ಪಲ್‌ಗೆ (ಚಕ್ರದ ಬಳಿ ಆಯಿಲ್ ಹೊರಬಿಡುವ ತಿರುಪು) ಸರಿಹೊಂದುವ ಪಾರದರ್ಶಕ ಪೈಪ್ ಒಂದು ಮೀಟರ್, ಒಂದು ಮರದ ತುಂಡು, ಪೆಡಲ್ ಒತ್ತಲು ಒಬ್ಬರು. ಜೊತೆಗೆ ಒಂದು ನೋಟ್‌ಬುಕ್. ಬದಲಿಸುವ ಮುಂಚೆ ಇದ್ದ ಅಳತೆಯನ್ನು ಬರೆದಿಟ್ಟಿಲ್ಲದಿದ್ದರೆ ಆಮೇಲೆ ಯಾವ ಬದಲಾವಣೆಯಿಂದ ಏನಾಯಿತು ಎಂದು ಹೇಳುವುದು ಕಷ್ಟ.

ಪೆಡಲ್ ತುಂಬಾ ಕೆಳಗೆ ಹೋಗಿ ಹಿಡಿಯುತ್ತದೆ

ಮೊದಲು ಬೇಗ ಬೇಗ ಎರಡು ಮೂರು ಸಲ ಒತ್ತಿ ನೋಡಿ. ಎರಡನೇ ಸಲಕ್ಕೆ ಪೆಡಲ್ ಮೇಲೆ ಬಂದು ಗಟ್ಟಿಯಾಗಿ ನಿಂತರೆ ಡ್ರಮ್ಮಿಗೂ ಶೂಗೂ ನಡುವಿನ ಅಂತರ ಹೆಚ್ಚಾಗಿದೆ ಎಂದರ್ಥ. ಶೂ ಅಡ್ಜಸ್ಟ್ ಮಾಡಿಸಿದರೆ ಮುಗಿಯಿತು, ಖರ್ಚು ಏನೂ ಇಲ್ಲ. ಚಕ್ರ ಎತ್ತಿ, ಕೈಯಲ್ಲಿ ತಿರುಗಿಸುತ್ತಾ, ಶೂ ಡ್ರಮ್ಮಿಗೆ ತಾಗಿ ಚಕ್ರ ನಿಲ್ಲುವ ತನಕ ಬಿಗಿ ಮಾಡಿ, ಮತ್ತೆ ಸಲೀಸಾಗಿ ತಿರುಗುವಷ್ಟು ಸಡಿಲಿಸಬೇಕು. ನಾಲ್ಕೂ ಚಕ್ರಕ್ಕೆ ಇದನ್ನು ಮಾಡದೆ ಪೆಡಲ್ ಎತ್ತರದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಇದಾದ ಮೇಲೂ ಪೆಡಲ್ ಕೆಳಗೇ ಇದ್ದರೆ ಫ್ರೀ ಪ್ಲೇ ಅಳೆಯಿರಿ. ಪೆಡಲನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ. ಏನೂ ತಡೆಯಿಲ್ಲದೆ ಚಲಿಸುವ ದೂರವೇ ಫ್ರೀ ಪ್ಲೇ. ಪುಶ್‌ರಾಡ್ ಮತ್ತು ಪಿಸ್ಟನ್ ನಡುವೆ 0.5ರಿಂದ 1 ಮಿ.ಮೀ. ಅಂತರ ಇರಬೇಕು. ಪೆಡಲ್ ಅನುಪಾತ, ಅಂದರೆ ಪೆಡಲಿನ ಓಟ ಪಿಸ್ಟನ್ನಿನದರ ಎಷ್ಟು ಪಟ್ಟು ಎಂಬುದು (ಅಳೆಯುವ ಬಗೆ ಮುಂದಿದೆ), 6 ಇದ್ದರೆ ಕಾಲಿಡುವ ಜಾಗದಲ್ಲಿ ಅದು 3ರಿಂದ 6 ಮಿ.ಮೀ. ಆಗಿ ಕಾಣುತ್ತದೆ. ರಾಡ್ 3 ಮಿ.ಮೀ. ಗಿಡ್ಡವಾಗಿದ್ದರೆ ಪೆಡಲ್‌ನಲ್ಲಿ 18 ಮಿ.ಮೀ. ವ್ಯರ್ಥವಾಗಿ ಹೋಗುತ್ತದೆ. ಬೇರೆ ಗಾಡಿಯ ಸಿಲಿಂಡರ್ ಹಾಕಿದಾಗ ಪಿಸ್ಟನ್ನಿನ ಕುಳಿಯ ಆಳ ಬೇರೆ ಇರುವುದರಿಂದ ಈ ತೊಂದರೆ ಬರುತ್ತದೆ.

ರಾಡ್ ಉದ್ದ ಮಾಡಬೇಕಾದರೆ ಲಾಕ್‌ನಟ್ ಸಡಿಲಿಸಿ ತಿರುಗಿಸಿ, ಆದರೆ ಥ್ರೆಡ್ ಎಷ್ಟು ಒಳಗೆ ಉಳಿದಿದೆ ನೋಡಿ. 8 ಮಿ.ಮೀ. ರಾಡ್ ಆದರೆ ಕನಿಷ್ಠ 8 ಮಿ.ಮೀ., 12 ಇದ್ದರೆ ನೆಮ್ಮದಿ. ಅಷ್ಟು ಉಳಿಯದಿದ್ದರೆ ಲೇತ್‌ನಲ್ಲಿ ಹೊಸ ರಾಡ್ ಮಾಡಿಸಿ. ಹಳೆಯದಕ್ಕೆ ತುಂಡು ಸೇರಿಸಿ ವೆಲ್ಡ್ ಮಾಡಿಸುವುದು ಖಂಡಿತ ಬೇಡ.

ಸ್ಪಂಜು ಒತ್ತಿದ ಹಾಗಾಗುತ್ತದೆ

ಇದು ಲೈನಿನಲ್ಲಿ ಏರ್ ಇರುವ ಲಕ್ಷಣ. ಬ್ಲೀಡಿಂಗ್ ಮಾಡಿ, ಅಂದರೆ ಬ್ಲೀಡರ್ ತೆರೆದು ಆಯಿಲ್ ಜೊತೆ ಏರ್ ಹೊರಬಿಡಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬನ್ನಿ. ಹಳೆಯ ಸಿಲಿಂಡರಿನಲ್ಲಿ ಪೆಡಲನ್ನು ನೆಲದ ತನಕ ಒತ್ತಬೇಡಿ. ದಿನವೂ ಕಪ್ ಓಡಾಡದ ಆ ಕೊನೆಯ ಭಾಗದಲ್ಲಿ ತುಕ್ಕು ಕೂತಿರುತ್ತದೆ, ಕಪ್ಪಿನ ಅಂಚು ಅಲ್ಲಿ ಹರಿಯುತ್ತದೆ. ಸಾಮಾನಿನಲ್ಲಿ ಮರದ ತುಂಡು ಹೇಳಿದ್ದು ಇದಕ್ಕೇ, ಅದನ್ನು ಪೆಡಲ್ ಕೆಳಗೆ ಇಟ್ಟುಕೊಳ್ಳಿ.

ಎಷ್ಟು ಸಲ ಬ್ಲೀಡ್ ಮಾಡಿದರೂ ಸ್ಪಂಜಿನ ಹಾಗೇ ಇದ್ದರೆ ಹೊಸ ಬ್ರ್ಯಾಕೆಟ್ ನೋಡಿ. ಸಿಲಿಂಡರಿನ ಮುಂದಿನ ತುದಿ ಮೇಲಕ್ಕೆ ವಾಲಿದ್ದರೆ ಏರ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಗಾಡಿಯ ಹಿಂಭಾಗವನ್ನು ಎತ್ತಿ ಸಿಲಿಂಡರ್ ಮಟ್ಟಸವಾಗುವಂತೆ ಮಾಡಿ ಮತ್ತೊಮ್ಮೆ ಬ್ಲೀಡ್ ಮಾಡಿದರೆ ಹೋಗುತ್ತದೆ.

ಅದೂ ಅಲ್ಲದಿದ್ದರೆ ಲೋಹ ಬಾಗುತ್ತಿದೆ. ಒಬ್ಬರು ಜೋರಾಗಿ ಪೆಡಲ್ ಒತ್ತಲಿ, ನೀವು ಟಾರ್ಚ್ ಹಿಡಿದು ಸಿಲಿಂಡರ್ ಕೂತ ಜಾಗವನ್ನು ನೋಡಿ. ಸಿಲಿಂಡರ್ ಕಣ್ಣಿಗೆ ಕಾಣುವಷ್ಟು ಮುಂದಕ್ಕೆ ತಲೆಯಾಡಿಸಿದರೆ ಫೈರ್‌ವಾಲ್ (ಎಂಜಿನ್ನಿಗೂ ಗಾಡಿಯ ಒಳಭಾಗಕ್ಕೂ ನಡುವಿನ ಗೋಡೆ) ತಗಡು ದುರ್ಬಲವಾಗಿದೆ. ಸಮುದ್ರದ ಗಾಳಿಯಲ್ಲಿ ಇದ್ದ ಗಾಡಿಯಾದರೆ ತಗಡಿನ ಪದರಗಳ ನಡುವೆ ತುಕ್ಕು ತಿಂದಿರುತ್ತದೆ, ಮೇಲಿನ ಪೇಂಟ್ ಮಾತ್ರ ನಿಂತಿರುತ್ತದೆ. 3 ಮಿ.ಮೀ. ಪ್ಲೇಟನ್ನು ಹಿಂದಿನಿಂದ ಅಗಲವಾಗಿ ಹಾಕಿಸಬೇಕು. ಆದರೆ ತುಕ್ಕು ತಿಂದ ತಗಡಿನ ಮೇಲೆ ಪ್ಲೇಟ್ ಹಾಕಿ ಪ್ರಯೋಜನವಿಲ್ಲ, ಮೊದಲು ತಗಡಿನ ಕೆಲಸ ಆಗಬೇಕು.

ಕಾಲಿಟ್ಟೇ ಇದ್ದರೆ ಪೆಡಲ್ ಮೆಲ್ಲಗೆ ಇಳಿಯುತ್ತದೆ

ಸಿಗ್ನಲ್‌ನಲ್ಲಿ ನಿಂತಾಗ ಗೊತ್ತಾಗುವ ದೋಷ ಇದು. ಆಯಿಲ್ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ: ನಾಲ್ಕೂ ಚಕ್ರದ ಒಳಮೈ, ಪೈಪ್ ಜೋಡಣೆ, ಪುಶ್‌ರಾಡ್ ಬೂಟ್ (ರಾಡಿನ ಮೇಲಿನ ರಬ್ಬರ್ ಮುಚ್ಚಳ) ನೋಡಿ. ಮಟ್ಟ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ ಒಳಗೊಳಗೇ ಆಯಿಲ್ ಬಿಡುತ್ತಿದೆ. ಮೊದಲಿನ ಅಂಬಾಸಿಡರ್‌ಗಳಲ್ಲಿ ಪೆಡಲ್ ನೆಲದಿಂದ ಮೇಲೆದ್ದಿರುತ್ತದೆ, ಸಿಲಿಂಡರ್ ನೆಲದ ಕೆಳಗಿರುತ್ತದೆ. ಗೋವಾದ ಮಳೆಗಾಲದ ಕೆಂಪು ಕೆಸರು ಹರಿದ ಬೂಟಿನೊಳಗೆ ಹೊಕ್ಕರೆ ಸಿಲಿಂಡರಿನ ಒಳಮೈಗೆ ಗೀರು ಬೀಳುತ್ತದೆ. ಉಗುರಿಗೆ ತಾಕುವಷ್ಟು ಗೀರಿದ್ದರೆ ಹೊಸ ರಬ್ಬರ್ ಕಿಟ್ ಹಾಕಿ ಸುಖವಿಲ್ಲ. ಸಿಲಿಂಡರ್ ಬದಲಿಸಿ ಅಥವಾ ಸ್ಲೀವ್ ಹಾಕಿಸಿ.

ಈ ಲಕ್ಷಣ ಇದ್ದಾಗ ಗಾಡಿ ಓಡಿಸಬೇಡಿ. ಗ್ಯಾರೇಜಿಗೂ ಎಳೆಸಿಕೊಂಡೇ ಹೋಗಿ.

ಓಡಿಸುತ್ತಾ ಹೋದಂತೆ ಬ್ರೇಕ್ ತಾನಾಗಿಯೇ ಬಿಗಿಯುತ್ತದೆ

ಪೆಡಲ್ ಜೋಡಣೆ ಬದಲಿಸಿದ ಗಾಡಿಗಳ ನಿಜವಾದ ರೋಗ ಇದೇ. ಮನೆಯಿಂದ ಹೊರಟಾಗ ಸರಿಯಿರುತ್ತದೆ. ಸಯಾನ್‌ನಿಂದ ದಾದರ್ ತನಕದ ಟ್ರಾಫಿಕ್ ದಾಟುವಷ್ಟರಲ್ಲಿ ಪೆಡಲ್ ಎತ್ತರವಾಗಿ ಗಟ್ಟಿಯಾಗುತ್ತದೆ, ಗಾಡಿ ಎಳೆಯುವುದಿಲ್ಲ, ಚಕ್ರದಿಂದ ಸುಟ್ಟ ವಾಸನೆ ಬರುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ.

ಕಾರಣ ಹೀಗಿದೆ. ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರ್ ಕಪ್ಪಿನ ಮುಂದೆಯೇ ಒಂದು ಅತಿ ಸಣ್ಣ ರಂಧ್ರವಿದೆ. ಕಾಲು ತೆಗೆದಾಗ ಕಪ್ ಅದರ ಹಿಂದಕ್ಕೆ ಸರಿದು ರಂಧ್ರ ತೆರೆಯುತ್ತದೆ, ಬಿಸಿಯಾಗಿ ಹಿಗ್ಗಿದ ಆಯಿಲ್ ಡಬ್ಬಿಗೆ ವಾಪಸಾಗುತ್ತದೆ. ಪುಶ್‌ರಾಡ್ ಒಂದಿಷ್ಟು ಉದ್ದವಾಗಿದ್ದರೂ ಕಪ್ ಪೂರ್ತಿ ಹಿಂದೆ ಬರುವುದಿಲ್ಲ, ರಂಧ್ರ ಮುಚ್ಚಿಯೇ ಇರುತ್ತದೆ. ಹಿಗ್ಗಿದ ಆಯಿಲಿಗೆ ದಾರಿಯಿಲ್ಲ, ಶೂಗಳನ್ನು ಹೊರಕ್ಕೆ ದೂಡುತ್ತದೆ. ಶೂ ಉಜ್ಜಿ ಇನ್ನಷ್ಟು ಬಿಸಿ, ಆಯಿಲ್ ಇನ್ನಷ್ಟು ಹಿಗ್ಗು. ಕೊನೆಗೆ ಚಕ್ರ ಜಾಮ್.

ಬ್ರೇಕ್ ಬಿಗಿದಿರುವಾಗಲೇ ಪರೀಕ್ಷೆ ಮಾಡಬೇಕು. ತಣ್ಣಗಾದರೆ ಸುಳಿವು ಸಿಗುವುದಿಲ್ಲ. ಡ್ರಮ್ಮಿಗೆ ಕೈ ತಾಗಿಸಬೇಡಿ, ಬೊಬ್ಬೆ ಬರುವಷ್ಟು ಬಿಸಿ ಇರುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟೇ ಈ ಕ್ರಮದಲ್ಲಿ ಹೋಗಿ:

ಮೊದಲು ಪೆಡಲನ್ನು ಕಾಲಿನ ಬೆರಳಿಂದ ಮೇಲಕ್ಕೆ ಎಳೆದು ನೋಡಿ. ಬ್ರೇಕ್ ಬಿಟ್ಟುಕೊಂಡರೆ ರಿಟರ್ನ್ ಸ್ಪ್ರಿಂಗ್ ಸೋತಿದೆ, ಇಲ್ಲವೇ ಪೆಡಲ್ ಕೀಲು ತುಕ್ಕು ಹಿಡಿದಿದೆ.

ಬಿಡದಿದ್ದರೆ ಸ್ಟಾಪ್‌ಲೈಟ್ ಸ್ವಿಚ್ ನೋಡಿ. ಪೆಡಲ್ ತೋಳಿಗೆ ತಾಗುವ ಬಗೆಯ ಸ್ವಿಚ್ ಹಾಕಿದ್ದರೆ ಅದೇ ಪೆಡಲನ್ನು ತುಸು ಒತ್ತಿ ಹಿಡಿದಿರಬಹುದು. ಸ್ವಿಚ್ಚನ್ನು ಪೆಡಲ್ ಸ್ಟಾಪ್ ಆಗಿ ಬಳಸಬಾರದು, ಸ್ಟಾಪ್ ಬೇರೆಯೇ ಇರಬೇಕು.

ಆಮೇಲೆ ಮಾಸ್ಟರ್ ಸಿಲಿಂಡರ್ ಬೋಲ್ಟ್‌ಗಳನ್ನು ಎರಡು ಸುತ್ತು ಸಡಿಲಿಸಿ ಸಿಲಿಂಡರನ್ನು ಪುಶ್‌ರಾಡ್‌ನಿಂದ ದೂರಕ್ಕೆ ತುಸು ಎಳೆಯಿರಿ. ಚಕ್ರ ಬಿಟ್ಟುಕೊಂಡರೆ ರಾಡ್ ಉದ್ದವಾಗಿದೆ ಎಂಬುದು ಖಚಿತ. ಫ್ರೀ ಪ್ಲೇ ಸರಿಮಾಡಿ, ಲಾಕ್‌ನಟ್ ಬಿಗಿ ಮಾಡಿ, ಅಲ್ಲಿಗೆ ಮುಗಿಯಿತು.

ಆಗಲೂ ಬಿಡದಿದ್ದರೆ ಬ್ಲೀಡರ್ ತೆರೆಯಿರಿ. ಆಯಿಲ್ ಚಿಮ್ಮಿ ನಾಲ್ಕೂ ಚಕ್ರ ಸಡಿಲವಾದರೆ ರಂಧ್ರ ಕಸದಿಂದ ಮುಚ್ಚಿದೆ ಅಥವಾ ಕಪ್ ಊದಿದೆ. ಆಯಿಲ್ ಡಬ್ಬಿಯ ತಳದಲ್ಲಿ ಕಪ್ಪು ಮಸಿಯಂಥದ್ದು ಬೆರಳಿಗೆ ಅಂಟಿದರೆ ಅದು ಕರಗಿದ ರಬ್ಬರ್. ಒಂದೇ ಚಕ್ರ ಬಿಗಿದಿದ್ದು ಅದರ ಬ್ಲೀಡರ್ ತೆರೆದಾಗ ಬಿಟ್ಟುಕೊಂಡರೆ ಆ ಚಕ್ರದ ಹೋಸ್ (ಬಾಗುವ ರಬ್ಬರ್ ಪೈಪ್) ಒಳಗೆ ಊದಿ ಆಯಿಲನ್ನು ವಾಪಸ್ ಬಿಡುತ್ತಿಲ್ಲ. ಹೊರಗಿಂದ ಹೋಸ್ ಹೊಸದರಂತೆ ಕಂಡರೂ ಬದಲಿಸಿ. ಬ್ಲೀಡರ್ ತೆರೆದರೂ ಬಿಡದಿದ್ದರೆ ಚಕ್ರದಲ್ಲಿ ಶೂಗಳನ್ನು ದೂಡುವ ವೀಲ್ ಸಿಲಿಂಡರ್ ಹಿಡಿದಿದೆ, ಶೂ ಸ್ಪ್ರಿಂಗ್ ಮುರಿದಿದೆ, ಅಥವಾ ಹ್ಯಾಂಡ್‌ಬ್ರೇಕ್ ಕೇಬಲ್ ಎಳೆದುಕೊಂಡಿದೆ. ಅದಕ್ಕೂ ಪೆಡಲ್‌ಗೂ ಸಂಬಂಧವಿಲ್ಲ.

ಮುಂದೆ ಡಿಸ್ಕ್ ಹಾಕಿಸಿದವರು ಇನ್ನೊಂದು ವಿಷಯ ನೋಡಬೇಕು. ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಲೈನಿನೊಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದುಂಟು, ಸುಮಾರು 10 ಪಿ.ಎಸ್.ಐ. ಡ್ರಮ್ಮಿನಲ್ಲಿ ಸ್ಪ್ರಿಂಗ್ ಅದನ್ನು ತಡೆದುಕೊಳ್ಳುತ್ತದೆ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಪೆಡಲ್ ಕಲ್ಲಿನಷ್ಟು ಗಟ್ಟಿ, ಆದರೆ ಗಾಡಿ ನಿಲ್ಲುವುದಿಲ್ಲ

ಹೊಸ ಸಿಲಿಂಡರ್ ಹಾಕಿದ ಮೇಲೆ ಪೆಡಲ್ ಗಟ್ಟಿಯಾಯಿತು ಎಂದು ಖುಷಿಪಡುವವರೇ ಹೆಚ್ಚು. ಗಟ್ಟಿ ಪೆಡಲ್ ಎಂದರೆ ಒಳ್ಳೆಯ ಬ್ರೇಕ್ ಎಂದು ತಿಳಿಯಬೇಡಿ. ಲೆಕ್ಕ ಹಾಕಿ ನೋಡಿ.

ಪೆಡಲಿನ ಕೀಲಿನಿಂದ ಕಾಲಿಡುವ ಪ್ಯಾಡಿನ ನಡುವಿನ ತನಕ ನೇರ ದೂರ ಅಳೆಯಿರಿ, ಬಾಗಿದ ತೋಳಿನ ಉದ್ದಕ್ಕೂ ಅಲ್ಲ. ಆಮೇಲೆ ಕೀಲಿನಿಂದ ಪುಶ್‌ರಾಡ್ ಪಿನ್ನಿನ ತನಕ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪೆಡಲ್ ಅನುಪಾತ. 300 ಮತ್ತು 50 ಮಿ.ಮೀ. ಇದ್ದರೆ 6. ಸರ್ವೋ ಇಲ್ಲದ ಗಾಡಿಗೆ 5ರಿಂದ 6 ಬೇಕು. ಸರ್ವೋ ಇದ್ದರೆ 4ರ ಆಸುಪಾಸು ಸಾಕು. ಹೊಸ ಬ್ರ್ಯಾಕೆಟ್ಟಿಗೆ ಹೊಂದಲೆಂದು ಪಿನ್ನಿನ ರಂಧ್ರವನ್ನು 10 ಮಿ.ಮೀ. ಕೆಳಗೆ ಕೊರೆದರೆ 300ನ್ನು 60ರಿಂದ ಭಾಗಿಸಬೇಕು, ಅನುಪಾತ 5ಕ್ಕೆ ಇಳಿಯುತ್ತದೆ.

ಸಿಲಿಂಡರಿನ ಬೋರ್ (ಒಳವ್ಯಾಸ) ಕೂಡ ಅಷ್ಟೇ ಮುಖ್ಯ. ಮುಕ್ಕಾಲು ಇಂಚು ಬೋರಿನ ವಿಸ್ತೀರ್ಣ 2.85 ಚದರ ಸೆಂ.ಮೀ., 7/8 ಇಂಚಿನದು 3.88. ಕಾಲಿನಿಂದ 30 ಕೆ.ಜಿ. ಒತ್ತಿದಿರಿ ಎನ್ನೋಣ. ಅನುಪಾತ 6, ಮುಕ್ಕಾಲು ಇಂಚು ಬೋರ್ ಇದ್ದರೆ ಲೈನಿನ ಒತ್ತಡ ಪ್ರತಿ ಚದರ ಸೆಂ.ಮೀ.ಗೆ 63 ಕೆ.ಜಿ. ಅದೇ ಪೆಡಲಿಗೆ 7/8 ಇಂಚಿನ ಸಿಲಿಂಡರ್ ಹಾಕಿದರೆ 46. ಅನುಪಾತವೂ 5ಕ್ಕೆ ಇಳಿದಿದ್ದರೆ ಬರೀ 39. ಮೊದಲಿನಷ್ಟೇ ಬ್ರೇಕ್ ಬೇಕೆಂದರೆ 30 ಕೆ.ಜಿ. ಬದಲು 49 ಕೆ.ಜಿ. ಒತ್ತಬೇಕು. ವಯಸ್ಸಾದವರಿಗೆ, ಸಣ್ಣ ಮೈಕಟ್ಟಿನವರಿಗೆ ತುರ್ತಿನಲ್ಲಿ ಅದು ಆಗದ ಮಾತು.

ಹಾಗಾಗಿ ಕುರ್ಲಾದಲ್ಲೋ ಪುಣೆಯ ನಾನಾ ಪೇಟೆಯಲ್ಲೋ ಸಿಲಿಂಡರ್ ಕೊಳ್ಳುವಾಗ "ಇದು ಕೂರುತ್ತದೆ" ಎಂಬ ಮಾತಿಗೆ ದುಡ್ಡು ಕೊಡಬೇಡಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಬೋರಿನ ಅಳತೆ, ಪಿಸ್ಟನ್ ಓಡುವ ದೂರ, ಪೈಪಿನ ಥ್ರೆಡ್ ಮೂರನ್ನೂ ಹೋಲಿಸಿ. ತಪ್ಪು ಬೋರ್ ಈಗಾಗಲೇ ಹಾಕಿದ್ದರೆ ಪರಿಹಾರ ಸರಿಯಾದ ಬೋರ್ ಹಾಕುವುದೇ. ಅನುಪಾತವನ್ನು 7, 8ಕ್ಕೆ ಏರಿಸಿ ಸರಿದೂಗಿಸಲು ಹೋದರೆ ಪೆಡಲ್ ನೆಲಕ್ಕೆ ತಾಗುತ್ತದೆ. ಪೆಡಲ್ 120 ಮಿ.ಮೀ. ಚಲಿಸಿದರೆ ಅನುಪಾತ 6ರಲ್ಲಿ ಪಿಸ್ಟನ್ 20 ಮಿ.ಮೀ. ಹೋಗುತ್ತದೆ, 8ರಲ್ಲಿ 15 ಮಾತ್ರ.

ಸರ್ವೋ ಇದ್ದೂ ಗಟ್ಟಿ ಎನಿಸಿದರೆ ಎಂಜಿನ್ ನಿಲ್ಲಿಸಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಕೆಳಗೆ ಇಳಿದರೆ ಸರ್ವೋ ಸರಿಯಿದೆ. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಅದರ ವಾಲ್ವ್ ಮೊದಲು ನೋಡಿ.

ಘಾಟಿ ಇಳಿಯುವಾಗ ಮಾತ್ರ ಬ್ರೇಕ್ ಹೋಗುತ್ತದೆ

ಊರಿಗೆ ಹೋಗುವವರು ಖಂಬಾಟಕಿಯಲ್ಲೋ ಚೋರ್ಲಾದಲ್ಲೋ ಇದನ್ನು ಕಾಣುತ್ತಾರೆ. ಎರಡು ಬಗೆ ಇದೆ, ಎರಡಕ್ಕೂ ಔಷಧ ಬೇರೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಕರಾವಳಿಯ ಗಾಡಿಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸಿ. ಡಾಟ್ 5 ಸಿಲಿಕೋನ್ ಆಯಿಲನ್ನು ಇವುಗಳ ಜೊತೆ ಬೆರೆಸಬೇಡಿ.

ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಕಾದಿರುವುದು ಲೈನರ್. ಎರಡರಲ್ಲೂ ಪುಶ್‌ರಾಡ್ ನಿರಪರಾಧಿ, ಆದರೆ ಅದು ಉದ್ದವಾಗಿ ಶೂ ಉಜ್ಜುತ್ತಿದ್ದರೆ ಇವೆರಡೂ ಬೇಗ ಬರುತ್ತವೆ. ಘಾಟಿಯಲ್ಲಿ ಹತ್ತುವ ಗೇರಿನಲ್ಲೇ ಇಳಿಯಿರಿ.

ಟಕ್ ಎನ್ನುವ ಸದ್ದು, ಅಡ್ಡ ಅಲುಗಾಟ, ಪೆಡಲ್ ವಾಪಸ್ ಬರದಿರುವುದು

ಪೆಡಲನ್ನು ಕೈಯಲ್ಲಿ ಹಿಡಿದು ಎಡಬಲ ಅಲುಗಾಡಿಸಿ. ಕೀಲಿನ ಬುಶ್ ಸವೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪಿನ್ ಹೊರತೆಗೆದು ಬೆಳಕಿಗೆ ಹಿಡಿಯಿರಿ. ಒಂದೇ ಮಗ್ಗುಲಲ್ಲಿ ಅರ್ಧಚಂದ್ರದ ಆಕಾರದ ಹೊಳಪು ಇದ್ದು, ಉಗುರು ಎಳೆದರೆ ಮೆಟ್ಟಿಲಿನಂತೆ ತಾಗಿದರೆ ಪಿನ್ ಸವೆದಿದೆ. ಪೆಡಲ್ ತೋಳಿನ ರಂಧ್ರವೂ ಮೊಟ್ಟೆಯಾಕಾರವಾಗಿರುತ್ತದೆ. ಪಿನ್ನಿನಲ್ಲಿ 0.5 ಮಿ.ಮೀ. ಲೂಸ್ ಇದ್ದರೆ ಪೆಡಲ್‌ನಲ್ಲಿ 3 ಮಿ.ಮೀ. ಬರೀ ಸದ್ದಿಗೆ ಹೋಗುತ್ತದೆ. ರಂಧ್ರವನ್ನು ದೊಡ್ಡದು ಮಾಡಿ ಬುಶ್ ಹಾಕಿಸಿ, ಹೊಸ ಪಿನ್, ವಾಶರ್, ಹೊಸ ಸ್ಪ್ಲಿಟ್ ಪಿನ್ ಹಾಕಿ. ಪಿನ್ನಿನ ಬದಲಿಗೆ ಬೋಲ್ಟ್ ಹಾಕಿದ್ದು ಕಂಡರೆ ತೆಗೆದುಬಿಡಿ. ಭಾರ ಥ್ರೆಡ್ಡಿನ ಮೇಲೆ ಬೀಳುತ್ತದೆ, ಥ್ರೆಡ್ ರಂಧ್ರವನ್ನು ಅರದ ಹಾಗೆ ಕೊರೆಯುತ್ತದೆ, ಬೋಲ್ಟೂ ಅಲ್ಲೇ ತುಂಡಾಗುತ್ತದೆ.

ಮೇಲಿನಿಂದಲೂ ಪಕ್ಕದಿಂದಲೂ ನೋಡಿದಾಗ ಪುಶ್‌ರಾಡ್ ಸಿಲಿಂಡರಿಗೆ ನೇರವಾಗಿರಬೇಕು. ಓರೆ 5 ಡಿಗ್ರಿ ದಾಟಿದರೆ ಪಿಸ್ಟನ್ ಒಂದು ಗೋಡೆಗೆ ಒತ್ತಿ ಉಜ್ಜುತ್ತದೆ, ಕಪ್ ಒಂದೇ ಕಡೆ ಸವೆಯುತ್ತದೆ. ಓರೆಯನ್ನು ಸರಿಮಾಡಲು ರಾಡ್ ಬಗ್ಗಿಸಬಾರದು, ಬ್ರ್ಯಾಕೆಟ್ ಸರಿಸಬೇಕು. ಬಗ್ಗಿದ ರಾಡ್ ಜೋರಾಗಿ ಒತ್ತಿದ ದಿನ ಇನ್ನಷ್ಟು ಬಗ್ಗುತ್ತದೆ, ಅದು ತುರ್ತಿನ ದಿನವೇ ಆಗಿರುತ್ತದೆ.

ಪೆಡಲ್ ತೋಳಿಗೆ ಹಿಂದೆ ಯಾರಾದರೂ ವೆಲ್ಡ್ ಮಾಡಿದ್ದರೆ ಅದರ ಅಂಚನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆ ಹಚ್ಚಿ ಒರೆಸಿ, ಚಾಕ್ ಪುಡಿ ಸವರಿ. ಬಿರುಕಿದ್ದರೆ ಗೆರೆಯಾಗಿ ಒಸರುತ್ತದೆ. ಗೆರೆ ಕಂಡರೆ ಆ ತೋಳು ಗುಜರಿಗೆ.

ಪೆಡಲ್ ವಾಪಸ್ ಬರದಿದ್ದರೆ ಮೊದಲು ನೆಲದ ಮ್ಯಾಟ್ ತೆಗೆದು ನೋಡಿ. ಆಮೇಲೆ ಕೀಲಿಗೆ ಗ್ರೀಸ್, ಆಮೇಲೆ ಸ್ಪ್ರಿಂಗ್.

ಎರಡು ಸರ್ಕ್ಯೂಟಿನ ಸಿಲಿಂಡರ್ ಹಾಕಿಸಿದವರಿಗೆ

ಇದು ಒಳ್ಳೆಯ ಬದಲಾವಣೆ, ಮಾಡಿಸುವುದಾದರೆ ಇದನ್ನೇ ಮಾಡಿಸಿ. ಆದರೆ ಒಂದು ಸರ್ಕ್ಯೂಟ್ ಹೋದಾಗ ಇನ್ನೊಂದು ಹಿಡಿಯಲು ಪೆಡಲ್ ಇನ್ನೂ ಕೆಳಗೆ ಹೋಗಬೇಕು. ಅಷ್ಟು ಜಾಗ ಇಲ್ಲದಿದ್ದರೆ ಎರಡನೇ ಸರ್ಕ್ಯೂಟ್ ಇದ್ದೂ ಇಲ್ಲದ ಹಾಗೆ. ಗಾಡಿ ನಿಂತಿರುವಾಗ ಮುಂದಿನ ಒಂದು ಬ್ಲೀಡರ್ ತೆರೆದು ಪೈಪ್ ಹಾಕಿ, ಮೆಲ್ಲಗೆ ಪೆಡಲ್ ಒತ್ತಿಸಿ. ನೆಲಕ್ಕೆ ತಾಗುವ ಮುಂಚೆಯೇ ಪೆಡಲ್ ಗಟ್ಟಿಯಾಗಿ ನಿಂತು ಹಿಂದಿನ ಚಕ್ರ ಹಿಡಿಯಬೇಕು. ಆಮೇಲೆ ಹಿಂದಿನದನ್ನು ತೆರೆದು ಮುಂದಿನದನ್ನು ನೋಡಿ. ಮುಗಿದ ಮೇಲೆ ಮತ್ತೆ ಬ್ಲೀಡ್ ಮಾಡಬೇಕು.

ನಿಲ್ಲಿಸಿ, ಬಲ್ಲವರಿಗೆ ಒಪ್ಪಿಸಬೇಕಾದ ಹೊತ್ತು

ಪೆಡಲ್ ತೋಳು, ಕೀಲಿನ ಬ್ರ್ಯಾಕೆಟ್, ಫೈರ್‌ವಾಲ್ ಮೂರರಲ್ಲಿ ಎಲ್ಲಿಯಾದರೂ ಬಿರುಕು ಕಂಡರೆ, ಮೇಲಿನ ಪರೀಕ್ಷೆಗಳ ನಂತರವೂ ಪೆಡಲ್ ಇಳಿಯುತ್ತಿದ್ದರೆ, ಅಥವಾ ಪೆಡಲ್ ಎತ್ತರ ದಿನಕ್ಕೊಂದು ಬಗೆ ಇದ್ದರೆ, ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಹಳೆಯ ಡ್ರಮ್ ಬ್ರೇಕ್ ಬಲ್ಲ ಮಿಸ್ತ್ರಿಯನ್ನೇ ಹುಡುಕಿ, ನಿಮ್ಮ ಅಳತೆಗಳ ಪುಸ್ತಕವನ್ನು ಅವರ ಕೈಗೆ ಕೊಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲ ವಿವರಗಳನ್ನು ಬದಲಿಸುವುದಕ್ಕೆ ಮಿತಿ ಹಾಕುತ್ತದೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಮಾಡಿಸುವ ಯೋಚನೆ ಇದ್ದರೆ ಗಾಡಿ ಮೂಲ ರೂಪದಲ್ಲಿರಬೇಕು. ಆದ್ದರಿಂದ ಕೊರೆಯುವ, ಕತ್ತರಿಸುವ ಮುಂಚೆ ಆರ್‌ಟಿಓದಲ್ಲಿ ಕೇಳಿಕೊಳ್ಳಿ, ತೆಗೆದ ಮೂಲ ಭಾಗಗಳನ್ನು ಎಸೆಯಬೇಡಿ.

ರಸ್ತೆಗೆ ಇಳಿಸುವ ಮುಂಚೆ ನಿಂತಲ್ಲೇ ಪೂರ್ತಿ ಬಲ ಹಾಕಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿಯಬಾರದು, ನೆಲಕ್ಕೂ ಪೆಡಲಿಗೂ ನಡುವೆ ಒಟ್ಟು ಓಟದ ಮೂರನೇ ಒಂದು ಭಾಗದಷ್ಟಾದರೂ ಜಾಗ ಉಳಿಯಬೇಕು. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಿಂದ ನಿಲ್ಲಿಸಿ ನೋಡಿ, ಆಮೇಲೆ 40. ಹತ್ತು ಹನ್ನೆರಡು ಸಲ ಬ್ರೇಕ್ ಹಾಕಿ ಬಿಸಿಯಾದ ಮೇಲೆ ಸಮತಟ್ಟಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕೈಯಿಂದ ದೂಡಿ, ಗಾಡಿ ಸಲೀಸಾಗಿ ಉರುಳಬೇಕು. 100 ಕಿ.ಮೀ. ಓಡಿದ ಮೇಲೆ ಟಾರ್ಚ್ ಹಿಡಿದು ಪೆಡಲ್ ಕೆಳಗೆ ಬಗ್ಗಿ ಲಾಕ್‌ನಟ್, ಸಿಲಿಂಡರ್ ಬೋಲ್ಟ್, ಸ್ಪ್ಲಿಟ್ ಪಿನ್ ಮೂರನ್ನೂ ಮತ್ತೊಮ್ಮೆ ಕೈಯಲ್ಲಿ ಮುಟ್ಟಿ ನೋಡಿ.